ಹಾಲುಹಲ್ಲಿನ ಆಟಗಾರ

"ಬಾಯಿ ಬಿಡೋ... ಇನ್ನೂ ಅಗಲವಾಗಿ."

ಗುಂಡ್ಲುಪೇಟೆ ಮಿಡ್ಲ್‌ಸ್ಕೂಲಿನ ಹುಣಸೆಮರದ ಕೆಳಗೆ ಹುಡುಗರ ಸಾಲು ನಿಂತಿತ್ತು. ಹೊಸದಾಗಿ ಬಂದ ಡ್ರಿಲ್ ಮೇಷ್ಟ್ರು ಗುರುಪಾದಸ್ವಾಮಿ ಒಬ್ಬೊಬ್ಬನ ಗಲ್ಲ ಹಿಡಿದು, ತುಟಿ ಸರಿಸಿ, ಹಲ್ಲು ನೋಡುತ್ತಿದ್ದ. ನೋಡಿದ ಮೇಲೆ ಕೆಲವರನ್ನು ಎಡಕ್ಕೆ, ಕೆಲವರನ್ನು ಬಲಕ್ಕೆ, ಉಳಿದವರನ್ನು ಬಾವಿಯ ಕಡೆಗೆ ಕಳಿಸುತ್ತಿದ್ದ.

ಒಂದನೇ ಕ್ಲಾಸಿನ ಟೀಚರ್ ಚಂದ್ರಮತಿ ಸೀಮೆಸುಣ್ಣ ಹಿಡಿದ ಕೈಯಲ್ಲೇ ಜಗುಲಿಯ ಮೇಲೆ ನಿಂತುಬಿಟ್ಟಳು. ಸಾಲಿನ ಕೊನೆಯಲ್ಲಿ ಅವಳ ಅಕ್ಕನ ಮಗ ಪುಟ್ಟಮಲ್ಲನೂ ಬಾಯಿ ತೆರೆದುಕೊಂಡು ನಿಂತಿದ್ದ.

ಆ ಸೀಮೆಯಲ್ಲಿ ಹಲ್ಲು ನೋಡುವುದು ಎತ್ತಿಗೆ. ದನದ ಸಂತೆಯಲ್ಲಿ ಕೊಳ್ಳುವವನು ಎತ್ತಿನ ತುಟಿ ಎತ್ತುತ್ತಾನೆ, ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ಎಣಿಸುತ್ತಾನೆ, ಆಮೇಲೆ ಬೆಲೆಯ ಮಾತು. ಮನುಷ್ಯರ ಮಕ್ಕಳ ಬಾಯಿಗೆ ಯಾರೂ ಹಾಗೆ ಕೈ ಹಾಕುವುದಿಲ್ಲ. ಹಾಕಿದರೆ ಅದು ಅವಮಾನ.

ಚಂದ್ರಮತಿ ಮೆಟ್ಟಿಲಿಳಿದು ನೇರವಾಗಿ ಅವನ ಮುಂದೆ ಹೋಗಿ ನಿಂತಳು.

"ನಿಲ್ಲಿಸಿ ಮೇಷ್ಟ್ರೇ. ಇದು ಸ್ಕೂಲು. ದನದ ಸಂತೆ ಅಂತ ತಿಳ್ಕೊಂಡ್ರಾ?"

ಅವನು ಎದ್ದು ನಿಂತ. ಕೋಪ ಬರಲಿಲ್ಲ. ಅದೇ ಅವಳಿಗೆ ಇನ್ನೂ ಕೋಪ ತರಿಸಿತು.

"ದನ ಆಗಿದ್ರೆ ಸುಲಭ ಇತ್ತು ಟೀಚರಮ್ಮ. ದನದ ವಯಸ್ಸನ್ನ ಯಾರೂ ರಿಜಿಸ್ಟ್ರಿಗೆ ಬರೆಸಿರಲ್ಲ. ಈ ಸ್ಕೂಲಲ್ಲಿ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದನೇ ತಾರೀಖೇ ಹುಟ್ಟಿದ್ದಾರೆ. ನೋಡಿದ್ದೀರಾ?"

ನೋಡುವುದೇನು, ಬರೆದವರಲ್ಲಿ ಅವಳೂ ಒಬ್ಬಳು! ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುವುದು. ಮುಟ್ಟಿತೋ, ಶಾಲೆಗೆ ಸೇರುವ ವಯಸ್ಸಾಯಿತು. ಹೆತ್ತವರು ಬಾಯಿಗೆ ಬಂದದ್ದು ಹೇಳುತ್ತಿದ್ದರು, ಮೇಷ್ಟ್ರು ಕೈಗೆ ಬಂದದ್ದು ಬರೆದುಕೊಳ್ಳುತ್ತಿದ್ದರು. ಎಲ್ಲ ಕಡೆಯೂ ಹಾಗೆಯೇ ನಡೆಯುತ್ತಿತ್ತು.

"ಅದಕ್ಕೆ ಹಲ್ಲು ನೋಡ್ಬೇಕಾ?"

"ಎತ್ತರ ನೋಡಿದ್ರೆ ಮೋಸ ಹೋಗ್ತೀವಿ. ಕೋರೆಹಲ್ಲು ಬಿದ್ದು ಹುಟ್ಟಿದೆಯಾ, ಹಿಂದಿನ ದವಡೆ ಹಲ್ಲು ಬಂದಿದೆಯಾ ಅಂತ ನೋಡಿದ್ರೆ ಹೆಚ್ಚುಕಮ್ಮಿ ಗೊತ್ತಾಗುತ್ತೆ. ಹತ್ತು ವರ್ಷದವನನ್ನೂ ಹದಿನಾಲ್ಕರವನನ್ನೂ ಒಂದೇ ಚೆಂಡಿನ ಹಿಂದೆ ಓಡಿಸೋಕಾಗಲ್ಲ."

"ನಮ್ಮ ಹುಡುಗನ ಬಾಯಿಗೆ ಕೈ ಹಾಕ್ಬೇಡಿ, ಅಷ್ಟೇ."

ಪುಟ್ಟಮಲ್ಲನ ಕೈ ಹಿಡಿದು ಎಳೆದುಕೊಂಡು ಹೊರಟಳು. ಆದರೆ ಬಾಯಿ ತೆರೆದೇ ನಿಂತಿದ್ದ ಅವನ ಹಲ್ಲನ್ನು ಗುರುಪಾದಸ್ವಾಮಿ ಅಷ್ಟರಲ್ಲಿ ನೋಡಿಯಾಗಿತ್ತು.

*

ಮಲಬಾರು ಕೇರಳಕ್ಕೆ ಸೇರಿದ ಮರುವರ್ಷ ಅದು. ಕಲ್ಲಿಕೋಟೆಯಿಂದ ಗುಂಡ್ಲುಪೇಟೆಗೆ ಬರುವ ಲಾರಿಗಳು ತೆಂಗಿನಕಾಯಿಯ ಜೊತೆಗೆ ಫುಟ್‌ಬಾಲಿನ ಹುಚ್ಚನ್ನೂ ಇಳಿಸಿ ಹೋಗುತ್ತಿದ್ದವು. ಶಾಲೆಗೆ ಒಂದೇ ಒಂದು ತೊಗಲಿನ ಚೆಂಡು ಬಂದಿತ್ತು. ಅದನ್ನು ಒದೆಯಲು ಊರಿಗೆ ಊರೇ ಕಾತರಿಸುತ್ತಿತ್ತು.

ಗುರುಪಾದಸ್ವಾಮಿ ಸಂತೆಮರಹಳ್ಳಿ ಕಡೆಯ ಒಕ್ಕಲು ಮನೆಯ ಹುಡುಗ. ಮದರಾಸಿನಲ್ಲಿ ವ್ಯಾಯಾಮದ ತರಬೇತಿ ಮುಗಿಸಿ ಬಂದಿದ್ದ. ಅವನು ಹುಡುಗರನ್ನು ಮೂರು ಗುಂಪು ಮಾಡಿದ್ದ. ಹಾಲುಹಲ್ಲು ಇನ್ನೂ ಉಳಿದವರದು ಒಂದು. ಅವರಿಗೆ ಗೋಲಿನ ಕಂಬವೇ ಇಲ್ಲ! ಚೆಂಡನ್ನು ಕಾಲಿನ ಹತ್ತಿರ ಇಟ್ಟುಕೊಂಡು ಓಡುವುದು, ಬೀಳುವುದು, ನಗುವುದು. ಕೋರೆಹಲ್ಲು ಹುಟ್ಟುತ್ತಿರುವವರಿಗೆ ಮೂವರು ಮೂವರಾಗಿ ಸರದಿಯಲ್ಲಿ ಚೆಂಡು. ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವುದೇ ಪಾಠ. ದವಡೆ ಹಲ್ಲು ಬಂದ ದೊಡ್ಡವರಿಗೆ ಮಾತ್ರ ಮ್ಯಾಚು, ಗೆಲುವು, ಸೋಲು.

ಸಂಜೆ ಸ್ಲೇಟುಗಳನ್ನು ಒರೆಸುವ ನೆಪದಲ್ಲಿ ಚಂದ್ರಮತಿ ಜಗುಲಿಯಲ್ಲೇ ಉಳಿಯತೊಡಗಿದಳು. ಒಂದು ದಿನ ಸುಮ್ಮನಿರಲಾಗಲಿಲ್ಲ.

"ಗೋಲೇ ಇಲ್ಲದೆ ಇದೆಂಥ ಆಟ ಮೇಷ್ಟ್ರೇ?"

"ನೀವು ಒಂದನೇ ಕ್ಲಾಸಿನವರಿಗೆ ಮೊದಲ ದಿನ ಏನು ಮಾಡಿಸ್ತೀರಿ?"

"ಮರಳಲ್ಲಿ ಬೆರಳಿಟ್ಟು ತಿದ್ದಿಸ್ತೀನಿ."

"ಪ್ರಬಂಧ ಬರೆಸಲ್ಲ?"

ಅವಳಿಗೆ ನಗು ಬಂತು, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ನನ್ನದೂ ಅದೇ" ಎಂದ ಅವನು. "ಚಿಕ್ಕವರಿಗೆ ಚೆಂಡಿನ ಜೊತೆ ಸ್ನೇಹ ಆದ್ರೆ ಸಾಕು. ಆಮೇಲಿಂದು ಆಮೇಲೆ. ಅಂದಹಾಗೆ ಟೀಚರಮ್ಮ... ನಿಮಗೆ ಹೊಲಿಗೆ ಬರುತ್ತಾ? ಚಿಕ್ಕವರಿಗೆ ಬಟ್ಟೆ ಚೆಂಡು ಬೇಕು. ತೊಗಲಿಂದು ಅವರ ಕಾಲಿಗೆ ಭಾರ."

ಅಂದಿನಿಂದ ಅವಳು ಹಳೆಯ ಸೀರೆಗಳನ್ನು ಹರಿದು, ಸುತ್ತಿ, ಬಿಗಿದು ಹೊಲಿಯತೊಡಗಿದಳು. ಕೊಡುವಾಗ ಅವನು ಪ್ರತಿ ಚೆಂಡನ್ನೂ ಅಂಗೈಯಲ್ಲಿಟ್ಟು ಒತ್ತಿ ನೋಡುತ್ತಿದ್ದ. "ಇದು ಹೋದ ಸಲದ್ದಕ್ಕಿಂತ ಗಟ್ಟಿ" ಎನ್ನುತ್ತಿದ್ದ. ಅಷ್ಟು ಮಾತಿಗೆ ಅವಳ ಕಿವಿ ಕೆಂಪಗಾಗುತ್ತಿತ್ತು.

'ಇಷ್ಟು ದಿನದಲ್ಲಿ ಒಂದು ಮಗುವಿನ ಮೇಲೂ ಕೂಗಿಲ್ಲ ಈ ಮನುಷ್ಯ...' ಎಂದುಕೊಳ್ಳುತ್ತಿದ್ದಳು. 'ಇಂಥವರ ಮನೆಯಲ್ಲಿ ಮಕ್ಕಳು ಹೇಗೆ ಬೆಳೆಯಬಹುದು?'

ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟಿತ್ತು. ಸುತ್ತಿ ಬಳಸಿ ಹೇಳುವುದೇಕೆ?

ಆದರೆ ಅವಳ ಪ್ರೀತಿಗೆ ಅಡ್ಡಲಾಗಿ ಒಂದು ಮಗು ನಿಂತಿತ್ತು.

ಪುಟ್ಟಮಲ್ಲ ಅವಳ ಅಕ್ಕ ಶಿವಮ್ಮನ ಮಗ. ಶಿವಮ್ಮನನ್ನು ಬಂಡೀಪುರದ ಫಾರೆಸ್ಟ್ ಗಾರ್ಡಿಗೆ ಕೊಟ್ಟಿದ್ದರು. ಆಕೆ ಜ್ವರದಲ್ಲಿ ತೀರಿಕೊಂಡ ಮೇಲೆ ಗಂಡ ಬೇರೆ ಮದುವೆಯಾದ, ಮಗ ಇಲ್ಲಿಗೆ ಬಂದ. ಚಂದ್ರಮತಿಯನ್ನು ನೋಡಲು ಬಂದ ಗಂಡುಗಳೆಲ್ಲ ಒಂದೇ ಮಾತು ಹೇಳಿದ್ದರು. ಹುಡುಗಿ ಒಪ್ಪಿಗೆ. ಆ ಹುಡುಗ ಬೇಡ.

"ಹಂಗಾದ್ರೆ ನಾನೂ ಬೇಡ" ಎಂದು ಅವಳು ಪ್ರತಿ ಸಲವೂ ಒಳಗೆ ಹೋಗಿಬಿಡುತ್ತಿದ್ದಳು. ತಾಯಿ ಕರಿಬಸಮ್ಮ ಕಣ್ಣೀರು ಒರೆಸಿಕೊಳ್ಳುತ್ತಿದ್ದರು.

ಗುರುಪಾದಸ್ವಾಮಿಯ ತಂದೆ ಪುಟ್ಟಬಸಪ್ಪ ಮಗನಿಗೆ ಹೆಣ್ಣು ಹುಡುಕುತ್ತಿದ್ದಾರೆ ಎಂಬ ಸುದ್ದಿ ಅವಳ ಕಿವಿಗೂ ಬಿತ್ತು. ಅವನೂ ಎಲ್ಲರಂತೆ ಅದೇ ಮಾತು ಹೇಳಿಬಿಟ್ಟರೆ? ಆ ಭಯ ಅವಳನ್ನು ಕೊರೆಯಿತು. ಒಂದು ಮಾತು ಅವನನ್ನೇ ಕೇಳಿಬಿಟ್ಟಿದ್ದರೆ ಮುಂದಿನ ಯಾವ ನೋವೂ ಇರುತ್ತಿರಲಿಲ್ಲ. ಹೆಣ್ಣು ಬಾಯಿಬಿಟ್ಟು ಕೇಳುವ ಕಾಲವೇ ಅದಾಗಿರಲಿಲ್ಲ, ಏನು ಮಾಡುವುದು!

*

ಆಗಲೇ ಈರುಳ್ಳಿ ಮಂಡಿಯ ಲಿಂಗಯ್ಯನವರು ಪ್ರಾರ್ಥನೆಯ ಹೊತ್ತಿಗೆ ಶಾಲೆಗೆ ಬಂದರು. ಊರಿನ ದೊಡ್ಡ ವರ್ತಕರು, ಶಾಲೆಯ ಸಮಿತಿಯ ಅಧ್ಯಕ್ಷರು.

"ಬರೋ ತಿಂಗಳು ಚಾಮರಾಜನಗರದಲ್ಲಿ ಹುಡುಗರ ಪುಟ್ಬಾಲ್ ಪಂದ್ಯ ಅದೆ. ಷೀಲ್ಡು ನಮ್ಮೂರಿಗೇ ಬರ್ಬೇಕು ಕಣ್ರಪ್ಪ. ಗೆದ್ದು ಬಂದ ಹನ್ನೊಂದು ಜನಾನೂ ಮೈಸೂರಲ್ಲಿ ಹಾಸ್ಟಲ್‌ಗೆ ಸೇರಿಸ್ತೀನಿ. ಊಟ, ಓದು, ಎಲ್ಲಾ ನನ್ನ ಮಂಡಿದು."

ಹುಡುಗರು ಹೋ ಎಂದು ಕೂಗಿದರು.

ಚಂದ್ರಮತಿಯ ಮನಸ್ಸು ಅಲ್ಲೇ ನಿಂತುಹೋಯಿತು. ಪುಟ್ಟಮಲ್ಲ ಮೈಸೂರಿಗೆ ಹೋದರೆ? ಓದುತ್ತಾನೆ, ದೊಡ್ಡವನಾಗುತ್ತಾನೆ. ಅವನಿಗೆ ಅನ್ಯಾಯವೇನೂ ಆಗುವುದಿಲ್ಲ. ಆಮೇಲೆ... ಆಮೇಲೆ ಯಾರೂ 'ಆ ಹುಡುಗ ಬೇಡ' ಎನ್ನುವಂತಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಂತೆ, ಅವಳು ಅಂದು ಸಂಜೆಯೇ ತನ್ನ ಮದುವೆಯ ಸೀರೆಯ ಬಣ್ಣವನ್ನೂ ನಿರ್ಧರಿಸಿಬಿಟ್ಟಳು.

ಪುಟ್ಟಮಲ್ಲ ಎತ್ತರದ ಹುಡುಗ, ಉದ್ದ ಕಾಲು, ಗಾಳಿಯಂತೆ ಓಡುತ್ತಿದ್ದ. ರಿಜಿಸ್ಟ್ರಿನಲ್ಲಿ ವಯಸ್ಸು ಹದಿಮೂರು. ಆದರೂ ಗುರುಪಾದಸ್ವಾಮಿ ಅವನನ್ನು ಬಟ್ಟೆ ಚೆಂಡಿನ ಗುಂಪಿನಲ್ಲೇ ಇಟ್ಟಿದ್ದ.

"ಮೇಷ್ಟ್ರೇ, ಚಾಮರಾಜನಗರಕ್ಕೆ ಪುಟ್ಟಮಲ್ಲನನ್ನೂ ಸೇರಿಸಿಕೊಳ್ಳಿ" ಎಂದಳು ಮರುದಿನ.

ಅವನು ಚೆಂಡಿಗೆ ಗಾಳಿ ತುಂಬುತ್ತಿದ್ದವನು ಪಂಪು ನಿಲ್ಲಿಸಿದ.

"ಈ ವರ್ಷ ಆಗಲ್ಲ ಟೀಚರಮ್ಮ. ಅವನಿಗೆ ವಯಸ್ಸಾಗಿಲ್ಲ."

"ಹದಿಮೂರು ಆಗಿದೆ. ಅವನಿಗಿಂತ ಗಿಡ್ಡ ಇರೋರನ್ನ ಹಾಕಿದ್ದೀರಿ."

"ಎಲುಬು ಉದ್ದ ಆಗಿದೆ, ಬಲಿತಿಲ್ಲ. ಎದುರಾಳಿ ದೊಡ್ಡ ಹುಡುಗ ಬಂದು ಗುದ್ದಿದ್ರೆ ತಡ್ಕೊಳಲ್ಲ. ಎರಡು ವರ್ಷ ಬಿಡಿ. ಮೊದಲು ಪಾಸು ಕೊಡೋದು ಕಲೀಲಿ. ಆಮೇಲೆ ನೋಡಿ, ಅವನನ್ನ ಹಿಡಿಯೋರೇ ಇರಲ್ಲ."

"ಎರಡು ವರ್ಷ ಕಾಯೋಕಾಗಲ್ಲ ನನಗೆ."

"ಯಾಕೆ?"

ಯಾಕೆ ಎಂದು ಹೇಗೆ ಹೇಳುವುದು? ಆ ಪ್ರಶ್ನೆಗೆ ಉತ್ತರವೇ ಅವನಾಗಿದ್ದ.

"ಓದು... ಅವನ ಓದಿಗೆ" ಎಂದಳು.

"ಓದು ಇಲ್ಲೂ ಆಗುತ್ತೆ. ಅವನ ಹಲ್ಲು..."

"ನಮ್ಮ ಹುಡುಗ ಎತ್ತಲ್ಲ ಮೇಷ್ಟ್ರೇ."

ಅವನ ಮುಖ ಸಣ್ಣದಾಯಿತು. ಮತ್ತೆ ಪಂಪು ಒತ್ತತೊಡಗಿದ.

'ಮೊದಲ ದಿನ ಎಲ್ಲರ ಮುಂದೆ ಬೈದಿದ್ದೆನಲ್ಲ... ಅದನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ' ಎಂದುಕೊಂಡಳು ಚಂದ್ರಮತಿ. ಅನುಮಾನಕ್ಕೆ ಒಮ್ಮೆ ಜಾಗ ಕೊಟ್ಟರೆ ಅದು ಮನೆಯನ್ನೇ ಕಟ್ಟಿಕೊಳ್ಳುತ್ತದೆ. ಅವಳು ನೇರವಾಗಿ ಹೆಡ್‌ಮೇಷ್ಟ್ರ ಬಳಿ ಹೋದಳು. ಅಲ್ಲಿ ಲಿಂಗಯ್ಯನವರೂ ಕುಳಿತಿದ್ದರು.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ಆಡಿಸಿ ಆ ಹುಡುಗನ್ನ" ಎಂದರು ಲಿಂಗಯ್ಯ.

ಹೆಡ್‌ಮೇಷ್ಟ್ರು ಗುರುಪಾದಸ್ವಾಮಿಯನ್ನು ಕರೆಸಿ ಹೇಳಿದರು. ಅವನು ಚಂದ್ರಮತಿಯನ್ನು ಒಮ್ಮೆ ನೋಡಿದ.

"ಸೇರಿಸ್ಕೋತೀನಿ ಸಾರ್. ಆದ್ರೆ ಮೈದಾನದ ಒಳಗೆ ಅವನು ನನ್ನ ಜವಾಬ್ದಾರಿ."

*

ಚಾಮರಾಜನಗರದ ಮೈದಾನದ ಸುತ್ತ ಜನ ಕಿಕ್ಕಿರಿದಿದ್ದರು. ಗುಂಡ್ಲುಪೇಟೆಯಿಂದ ಲಾರಿ ತುಂಬ ಬಂದ ಜನರ ನಡುವೆ, ಹೆಂಗಸರ ಪಕ್ಕದಲ್ಲಿ, ಚಂದ್ರಮತಿ ಸೆರಗು ಹಿಡಿದು ನಿಂತಿದ್ದಳು.

ಎದುರು ತಂಡದ ಹುಡುಗರು ಬಂದರು. ಅವರಲ್ಲಿ ಇಬ್ಬರಿಗೆ ಮೀಸೆ ಮೂಡಿತ್ತು! ಅವರ ಶಾಲೆಯ ರಿಜಿಸ್ಟ್ರಿನಲ್ಲಿ ಅವರೂ ಜೂನ್ ಒಂದರಂದೇ ಹುಟ್ಟಿರಬೇಕು.

ಮೊದಲರ್ಧದಲ್ಲಿ ಎರಡು ತಂಡಕ್ಕೂ ಒಂದೊಂದು ಗೋಲು. ಪುಟ್ಟಮಲ್ಲ ಚೆಂಡು ಸಿಕ್ಕಾಗಲೆಲ್ಲ ನುಗ್ಗಿದ. ಒಮ್ಮೆ ಮೀಸೆಯವನ ಮೊಣಕೈ ತಗುಲಿ ಬಿದ್ದ, ಎದ್ದ. ಇನ್ನೊಮ್ಮೆ ಹಿಂದಿನಿಂದ ಕಾಲಿಗೆ ಕಾಲು ಕೊಟ್ಟರು. ಈ ಸಲ ಏಳುವುದು ತಡವಾಯಿತು. ಕುಂಟುತ್ತಲೇ ಓಡಿದ.

"ಹಂಗೇ ನುಗ್ಗಲಾ ಪುಟ್ಟಮಲ್ಲ, ಬುಡಬ್ಯಾಡ!" ಎಂದು ಲಾರಿಯ ಜನ ಕೂಗಿದರು.

'ಸ್ವಲ್ಪ ತಡ್ಕೋ ಕಂದ... ಇನ್ನು ಸ್ವಲ್ಪವೇ ಹೊತ್ತು' ಎಂದುಕೊಂಡಳು ಚಂದ್ರಮತಿ. ತನ್ನ ಮನಸ್ಸು ಹಾಗೆ ಅಂದಿತಲ್ಲ ಎಂಬುದು ಮುಂದೆ ಎಷ್ಟೋ ದಿನ ಅವಳನ್ನು ಸುಡಲಿತ್ತು.

ಆಗ ಗುರುಪಾದಸ್ವಾಮಿ ಗೆರೆ ದಾಟಿ ಮೈದಾನದೊಳಗೆ ಹೋದ. ರೆಫರಿಗೆ ಏನೋ ಹೇಳಿದ. ಪುಟ್ಟಮಲ್ಲನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆತಂದ.

ಆ ಕಾಲದ ಆಟದಲ್ಲಿ ಒಬ್ಬನ ಬದಲು ಇನ್ನೊಬ್ಬನನ್ನು ಇಳಿಸುವಂತಿರಲಿಲ್ಲ. ಗುಂಡ್ಲುಪೇಟೆ ಹತ್ತು ಹುಡುಗರಲ್ಲೇ ಆಡಿತು. ಆಟ ಮುಗಿಯುವ ಹೊತ್ತಿಗೆ ಮೀಸೆಯವನು ಒಂದು ಗೋಲು ಹೊಡೆದ.

ಷೀಲ್ಡು ಹೋಯಿತು. ಹಾಸ್ಟೆಲ್ ಹೋಯಿತು.

ಪುಟ್ಟಮಲ್ಲ ನೆಲಕ್ಕೆ ಮುಖ ಕೊಟ್ಟು ಅಳುತ್ತಿದ್ದ. "ನಾನಾಡ್ತಿದ್ದೆ... ನಾನೇ ಗೋಲ್ ಹೊಡೀತಿದ್ದೆ... ಮೇಷ್ಟ್ರು ಬುಡ್ನಿಲ್ಲ."

ಜನ ಇದ್ದಾರೆ ಎಂಬ ಪರಿವೆಯೂ ಇಲ್ಲದೆ ಚಂದ್ರಮತಿ ಗುರುಪಾದಸ್ವಾಮಿಯ ಎದುರು ಹೋಗಿ ನಿಂತಳು.

"ತೃಪ್ತಿ ಆಯ್ತಾ ನಿಮಗೆ? ನನ್ನ ಮೇಲಿನ ಸಿಟ್ಟನ್ನ ತಬ್ಬಲಿ ಮಗುವಿನ ಮೇಲೆ ತೀರಿಸ್ಕೊಂಡ್ರಿ."

"ಸಿಟ್ಟಾ...?" ಅವನು ದಿಗ್ಭ್ರಾಂತನಾಗಿ ನೋಡಿದ. "ಇನ್ನೊಂದು ಏಟು ಬಿದ್ದಿದ್ರೆ ಅವನ ಕಾಲು..."

"ಅವನ ಕಾಲಿನ ಮಾತಾಡ್ಬೇಡಿ. ನಿಮ್ಮ ಹಟ ಗೆಲ್ತು. ಇನ್ನು ನಮ್ಮ ಹುಡುಗನ ತಂಟೆಗೂ ಬರ್ಬೇಡಿ, ನನ್ನ ತಂಟೆಗೂ ಬರ್ಬೇಡಿ."

ಅವನು ತಲೆ ತಗ್ಗಿಸಿ, ಸರಿ ಎನ್ನುವಂತೆ ಗೋಣಾಡಿಸಿದ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವಳು ಎರಡನ್ನೂ ಅಂದು ಒಟ್ಟಿಗೆ ಕಳೆದುಕೊಂಡಳು.

ವಾರ ಕಳೆಯುವುದರಲ್ಲಿ ಲಿಂಗಯ್ಯನವರು ಸೋತ ಸಿಟ್ಟಿಗೆ ಮೇಲಿನವರಿಗೆ ಹೇಳಿಸಿ ಗುರುಪಾದಸ್ವಾಮಿಯನ್ನು ಚಾಮರಾಜನಗರದ ಒಂದು ಶಾಲೆಗೆ ವರ್ಗ ಮಾಡಿಸಿದರು. ಅವನು ಹೋಗುವಾಗ ಹೇಳಿ ಹೋಗಲಿಲ್ಲ. ಬಟ್ಟೆ ಚೆಂಡುಗಳು ಮಾತ್ರ ಒಂದನೇ ಕ್ಲಾಸಿನ ಮೂಲೆಯಲ್ಲಿ ಉಳಿದವು. ಚಂದ್ರಮತಿ ಆ ಮೂಲೆಯ ಕಡೆ ನೋಡುವುದನ್ನೇ ಬಿಟ್ಟಳು.

*

ಸುಗ್ಗಿಯ ದಿನಗಳು ಬಂದವು. ಒಂದು ಭಾನುವಾರ ಪುಟ್ಟಮಲ್ಲ ಹಿತ್ತಿಲಲ್ಲಿ ಕುಳಿತು ಕಬ್ಬು ಸಿಗಿಯುತ್ತಿದ್ದ. ಇದ್ದಕ್ಕಿದ್ದಂತೆ "ಅಯ್ಯಪ್ಪ" ಎಂದು ಬಾಯಿಗೆ ಕೈ ಇಟ್ಟುಕೊಂಡ.

ಚಂದ್ರಮತಿ ಓಡಿಬಂದಳು. ಅವನ ಅಂಗೈಯಲ್ಲಿ ಒಂದು ಸಣ್ಣ ಹಲ್ಲು.

"ಏನಿಲ್ಲ ಕಣ್ ಚಿಕ್ಕವ್ವ, ಅಲ್ಲಾಡ್ತಿತ್ತು, ಬಿತ್ತು. ಈ ಕಡೇದೂ ಅಲ್ಲಾಡ್ತದೆ, ನೋಡು."

ಅವನು ಎಲ್ಲ ಚಿಕ್ಕಮಕ್ಕಳಂತೆ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಉಂಡೆ ಮಾಡಿದ. ಹಂಚಿನ ಮೇಲೆ ಎಸೆದ. ಹೊಸ ಹಲ್ಲು ಬೇಗ ಬರಲಿ ಎಂದು ಕೈಮುಗಿದ. ಚಂದ್ರಮತಿ ಅವನನ್ನೇ ನೋಡುತ್ತ ನಿಂತಳು. ಬಿದ್ದದ್ದು ಮೇಲಿನ ಕೋರೆಹಲ್ಲು. ಹಾಲುಹಲ್ಲು.

ಮೀಸೆಯ ಹುಡುಗರ ಜೊತೆ ತಾನು ಗುದ್ದಾಡಲು ಕಳಿಸಿದ್ದು ಇವನನ್ನೇ!

ಅವಳು ಒಳಗೆ ಬಂದಳು. ಕರಿಬಸಮ್ಮ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದರು.

"ಅವ್ವ, ಪುಟ್ಟಮಲ್ಲನಿಗೆ ನಿಜವಾಗ್ಲೂ ಎಷ್ಟು ವರ್ಷ?"

ಕರಿಬಸಮ್ಮನ ಕೈ ನಿಂತಿತು.

"ಸ್ಕೂಲ್ಗೆ ಸೇರಿಸ್ದಾಗ ಬರೆಸ್ನಲ್ಲ..."

"ಬರೆಸಿದ್ದು ಬೇಡ. ನಿಜ ಹೇಳು."

ಆ ತಾಯಿಯ ಕಣ್ಣೀರು ಮೊರದೊಳಗೇ ಬಿತ್ತು.

"ನಿಮ್ಮಕ್ಕಂಗೆ ಮೊದ್ಲು ಒಂದು ಗಂಡುಕೂಸು ಹುಟ್ಟಿತ್ತು ಕಣವ್ವ. ನೀನು ಆಗ ಸಂತೆಮರಳ್ಳಿಲಿ ಅಜ್ಜಿ ಮನೇಲಿ ಓದ್ತಿದ್ದೆ. ಕೂಸು ಹುಟ್ತು ಅಂತ ನಿಂಗೆ ಹೇಳಿ ಕಳಿಸ್ದೊ. ಸತ್ತೋಯ್ತು ಅಂತ ಹೇಳ್ನಿಲ್ಲ. ಚಿಕ್ಕ ಹುಡುಗಿ, ಯಾಕಂತ... ಮೂರು ವರ್ಷ ಕಳೆದ ಮ್ಯಾಲೆ ಇವ ಹುಟ್ದ. ಇವ ದೊಡ್ಡವನಾದ ಮ್ಯಾಲೇ ನೀನು ನೋಡಿದ್ದು. ಆ ಕೂಸಿನ ಹೆಸರೇ ಇವನಿಗೂ ಇಟ್ಟೊ."

ಚಂದ್ರಮತಿ ಗೋಡೆ ಹಿಡಿದುಕೊಂಡಳು.

"ಸ್ಕೂಲಲ್ಲಿ ಯಾವಾಗ ಹುಟ್ದೋನು ಅಂತ ಕೇಳುದ್ರು. ನನ್ ಬಾಯಿಗೆ ಆ ಮೊದ್ಲು ಕೂಸಿನ ಲೆಕ್ಕ ಬಂತು. ತಪ್ಪಿ ಬರ್ನಿಲ್ಲ ಕಣವ್ವ, ಬೇಕಂತ್ಲೇ ಹೇಳ್ದೆ. ಅದು ಬದುಕ್ದೇ ಇದ್ದ ಮೂರು ವರ್ಷ ಇವನ ಆಯಸ್ಸಿಗೆ ಸೇರ್ಲಿ ಅಂತ... ತಾಯಿನೂ ಹೋದ್ಲು, ಅಣ್ಣನೂ ಹೋದ. ಇವನಾದ್ರೂ ಗಟ್ಟಿಯಾಗಿ ಉಳೀಲಿ ಅಂತ."

"ಅವ್ವ..."

"ಇನ್ನೂ ಅನ್ನೊಂದು ತುಂಬಿಲ್ಲ ಅವುಂಗೆ. ಅತ್ತೂವರೆ."

ಚಂದ್ರಮತಿ ತಾಯಿಯ ಪಕ್ಕ ಕುಸಿದು ಕುಳಿತಳು. ಬೈಯಲು ಬಾಯಿ ಬರಲಿಲ್ಲ. ಸತ್ತ ಮಗುವಿನ ವಯಸ್ಸನ್ನು ಬದುಕಿದ ಮಗುವಿಗೆ ಉಡುಗೊರೆಯಾಗಿ ಕೊಟ್ಟ ಅಜ್ಜಿಯನ್ನು ಬೈಯುವುದಾದರೂ ಹೇಗೆ? ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಹಿತ್ತಿಲಲ್ಲಿ ಪುಟ್ಟಮಲ್ಲ ಕಬ್ಬನ್ನು ಇನ್ನೊಂದು ಕಡೆಯ ಹಲ್ಲಿನಲ್ಲಿ ಸಿಗಿಯುತ್ತಿದ್ದ.

ಮರುದಿನ ಹೆಡ್‌ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಆ ಹುಡುಗನ ಹೆಸರು ಹನ್ನೊಂದರಲ್ಲಿ ಯಾರು ಸೇರಿಸಿದ್ದು ಅಂತ ವರ್ಗ ಮಾಡೋ ಮುಂಚೆ ಮೇಲಿನವರು ಗುರುಪಾದಸ್ವಾಮೀನ ಕೇಳಿದ್ರಮ್ಮ. ನಿನ್ನ ಹೆಸರೂ ಹೇಳಲಿಲ್ಲ, ನನ್ನ ಹೆಸರೂ ಹೇಳಲಿಲ್ಲ. ನಾನೇ ಸೇರಿಸಿದ್ದು, ನಾನೇ ತೆಗೆದೆ ಅಂದ. ನಾನೂ ಸುಮ್ಮನಿದ್ದುಬಿಟ್ಟೆ."

ಅವಳು ಆ ರಾತ್ರಿ ಊಟ ಮಾಡಲಿಲ್ಲ.

*

ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಬಸ್ಸು. ಜೊತೆಗೆ ಕರಿಬಸಮ್ಮನೂ ಪುಟ್ಟಮಲ್ಲನೂ ಹೊರಟಿದ್ದರು. ದಾರಿಯುದ್ದಕ್ಕೂ ಚಂದ್ರಮತಿ ಹೇಳಬೇಕಾದ ಮಾತುಗಳನ್ನು ಜೋಡಿಸಿದಳು, ಕೆಡವಿದಳು, ಮತ್ತೆ ಜೋಡಿಸಿದಳು. ಮದುವೆ ನಿಶ್ಚಯವಾಗಿಬಿಟ್ಟಿದ್ದರೆ? ಆಗಿದ್ದರೆ ಆಗಿರಲಿ. ಕ್ಷಮೆ ಕೇಳುವುದು ತನ್ನ ಪಾಲಿನದು.

ಶಾಲೆಯ ಹಿಂದಿನ ಬಯಲಲ್ಲಿ ಪುಟ್ಟ ಮಕ್ಕಳು ಚೆಂಡಿನ ಹಿಂದೆ ಓಡುತ್ತಿದ್ದರು. ಗೋಲಿನ ಕಂಬವಿರಲಿಲ್ಲ. ನಡುವೆ ಗುರುಪಾದಸ್ವಾಮಿ ನಿಂತಿದ್ದ, ಸ್ವಲ್ಪ ಸೊರಗಿದ್ದ. ಅವಳನ್ನು ಕಂಡು ಒಂದು ಕ್ಷಣ ಕಲ್ಲಾದ. ಮಕ್ಕಳಿಗೆ ಏನೋ ಹೇಳಿ ಬೇವಿನಮರದ ಕಡೆಗೆ ಬಂದ.

"ಟೀಚರಮ್ಮ... ಪುಟ್ಟಮಲ್ಲನಿಗೆ ಏನಾದ್ರೂ ಆಯ್ತಾ?"

ಮೊದಲ ಮಾತೇ ಅದು. ಚಂದ್ರಮತಿ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ಕೋರೆಹಲ್ಲು ಬಿತ್ತು ಮೇಷ್ಟ್ರೇ. ಮೊನ್ನೆ."

ಅವನು ತಲೆದೂಗಿದ.

"ಹತ್ತೂವರೆ ವರ್ಷ ಅಂತೆ ಅವನಿಗೆ. ನನಗೆ ಗೊತ್ತಿರಲಿಲ್ಲ. ನಿಜವಾಗ್ಲೂ ಗೊತ್ತಿರಲಿಲ್ಲ..."

ತಾಯಿ ಹೇಳಿದ್ದನ್ನೆಲ್ಲ ಹೇಳಿದಳು. ತೀರಿಕೊಂಡ ಮಗುವಿನ ಮಾತು ಬಂದಾಗ ಅವನು ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ.

"ನಿಮ್ಮ ತಾಯಿ ಮೇಲೆ ಸಿಟ್ಟು ಮಾಡ್ಕೋಬೇಡಿ" ಎಂದ.

"ಅವ್ವನ ಮೇಲೆ ಸಿಟ್ಟಿಲ್ಲ. ನನ್ನ ಮೇಲೇ ನನಗೆ ಅಸಹ್ಯ. ಅವತ್ತು ಅವನು ಕುಂಟ್ತಾ ಓಡ್ತಿದ್ದಾಗ, ಇನ್ನೂ ಸ್ವಲ್ಪ ತಡ್ಕೋ ಅಂತ ಮನಸ್ಸಲ್ಲಿ ಅಂದ್ಕೊಂಡೆ. ಹೆತ್ತವಳಾಗಿದ್ರೆ ಹಂಗೆ ಅಂದ್ಕೋತಿದ್ದೆನಾ? ಅವನನ್ನ ಹಾಸ್ಟೆಲ್‌ಗೆ ಕಳಿಸ್ಬೇಕು ಅನ್ನೋದೊಂದೇ ತಲೇಲಿತ್ತು."

"ಓದಿಗೆ ಅಂದಿದ್ರಿ."

"ಓದಿಗಲ್ಲ."

ಗಾಳಿಗೆ ಬೇವಿನೆಲೆಗಳು ಉದುರಿದವು. ಅವಳು ನೆಲ ನೋಡಿಕೊಂಡೇ ಹೇಳಿದಳು.

"ನನ್ನ ನೋಡೋಕೆ ಬಂದೋರೆಲ್ಲ ಆ ಹುಡುಗ ಬೇಡ ಅಂದ್ರು. ಅವನು ಮೈಸೂರಲ್ಲಿದ್ರೆ... ನೀವು ಹಂಗೆ ಅನ್ನೋ ಪ್ರಸಂಗ ಬರಲ್ಲ ಅಂದ್ಕೊಂಡೆ. ನಿಮಗೋಸ್ಕರ ಅವನನ್ನ ದೂರ ಮಾಡೋಕೆ ಹೊರಟಿದ್ದೆ ಮೇಷ್ಟ್ರೇ."

ಹೇಳಿಯಾಗಿತ್ತು.

ಗುರುಪಾದಸ್ವಾಮಿ ಅವಳ ಕಡೆ ತಿರುಗಿದ.

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ ಚಂದ್ರಮತಿ."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಎಲ್ಲರೂ ಹೇಳಿದ್ದನ್ನೇ ನೀವೂ ಹೇಳ್ಬಿಟ್ರೆ ಅಂತ ಭಯ ಆಯ್ತು."

"ನಮ್ಮಪ್ಪ ಮೂರು ಹೆಣ್ಣು ತೋರಿಸಿದ್ರು. ಮೂರಕ್ಕೂ ಬೇಡ ಅಂದೆ. ಯಾಕೆ ಅಂತ ಕೇಳಿದ್ರು. ಗುಂಡ್ಲುಪೇಟೇಲಿ ಒಬ್ಬರಿದ್ದಾರೆ, ಆದ್ರೆ ನನ್ನ ತಂಟೆಗೆ ಬರ್ಬೇಡಿ ಅಂದಿದ್ದಾರೆ ಅಂದೆ."

ಚಂದ್ರಮತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಡೆದದ್ದೆಲ್ಲ ಒಡೆದು ಬಂತು. ಅವನು ಅಳು ನಿಲ್ಲಲಿ ಎಂದು ಕಾದ. ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಮಕ್ಕಳಿದ್ದರು, ಊರಿತ್ತು. ಮುಟ್ಟಿ ಸಮಾಧಾನ ಮಾಡುವ ಹಾಗಿರಲಿಲ್ಲ.

"ಹಾಸ್ಟೆಲ್ ಇಲ್ಲ, ಷೀಲ್ಡೂ ಇಲ್ಲ" ಎಂದಳು ಕೊನೆಗೆ. "ಹತ್ತೂವರೆ ವರ್ಷದವನಿಗೆ ನೀವಾದ್ರೆ ಏನು ಗುರಿ ಇಡ್ತೀರಿ?"

"ಮನೇಲಿರೋದು" ಎಂದ ಅವನು. "ಸಂಜೆ ಆಡಿ, ಮೈಯೆಲ್ಲ ಧೂಳು ಮಾಡ್ಕೊಂಡು ಬರೋದು. ಬೈಸ್ಕೊಂಡು ಕಾಲು ತೊಳ್ಕೊಳ್ಳೋದು. ಉಂಡು ಮಲಗೋದು. ಆ ವಯಸ್ಸಿಗೆ ಇನ್ನೇನೂ ಬೇಡ."

"ಯಾರ ಮನೇಲಿ?"

"ನಮ್ಮ ಮನೇಲಿ. ನೀವು ಒಪ್ಪಿದ್ರೆ."

ಅವಳು ತಲೆಯೆತ್ತಿ ನೋಡಿದಳು. ಅವನ ಕಣ್ಣುಗಳೂ ತುಂಬಿದ್ದವು.

"ಅವ್ವನೂ ಬಂದಿದ್ದಾರೆ" ಎಂದಳು ಮೆಲ್ಲಗೆ. "ಬಸ್ ಸ್ಟ್ಯಾಂಡಲ್ಲಿದ್ದಾರೆ. ಅವರ ಹತ್ರ ಮಾತಾಡಿ."

"ಪುಟ್ಟಮಲ್ಲ?"

"ಅವನೂ ಅಲ್ಲೇ ಕೂತಿದ್ದಾನೆ. ಮೇಷ್ಟ್ರ ಮುಖ ನೋಡಲ್ಲ, ನೀನೇ ಹೋಗು ಅಂದ."

ಗುರುಪಾದಸ್ವಾಮಿ ಕೊರಳಲ್ಲಿದ್ದ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡ.

"ನಡೀರಿ, ನಾನೇ ಬರ್ತೀನಿ."

"ನಿಮ್ಮನ್ನ ಬೈತಾನೆ."

"ಬೈಲಿ. ಅವನ ವಯಸ್ಸಿಗೆ ಅದು ಸರಿಯಾಗಿದೆ."